ಬಾಕುವಿನ ಅಂಗಳ, ಅಗ್ದಾಮಿನ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನಲ್ಲಿ ಕಳೆದ ನನ್ನ ದಿನಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. 1984ರಿಂದ 1989ರವರೆಗೆ ಸೋವಿಯತ್ ಒಕ್ಕೂಟದ ವಿದ್ಯಾರ್ಥಿವೇತನದಲ್ಲಿ ಅಲ್ಲಿ ತೈಲಬಾವಿಗಳ ಎಂಜಿನಿಯರಿಂಗ್ ಓದಿದವನು ನಾನು. ಬಂದ ಪತ್ರಗಳಲ್ಲಿ ಎಣ್ಣೆಯ ಬಗ್ಗೆ ಕೇಳಿದವರು ಇಬ್ಬರೇ. ಉಳಿದವರೆಲ್ಲ ಕೇಳಿರುವುದು ಕರಬಾಖ್ ಎಂಬ ಬೆಟ್ಟನಾಡಿಗಾಗಿ ಅರ್ಮೇನಿಯನ್ನರು ಮತ್ತು ಅಜೆರಿಗಳ, ಅಂದರೆ ಅಜರ್‌ಬೈಜಾನಿನವರ, ನಡುವೆ ನಡೆದ ಯುದ್ಧದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಯುದ್ಧದ ಬಗ್ಗೆ ಎರಡೂ ಕಡೆಯವರು ಹೇಳುವ ಕಥೆಗಳ ಬಗ್ಗೆ. ಹಾಗಾಗಿ ಈ ಸಲ ಪುಟವಿಡೀ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಅರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅಲ್ಲಿನ ಗೆಳೆಯರು ಹೇಳಿದ್ದನ್ನೆಲ್ಲ ಫೋನಿನಲ್ಲಿ ನನಗೂ ಹೇಳುತ್ತಾನೆ. ಯೂಟ್ಯೂಬಿನಲ್ಲಿ ನೋಡಿದರೆ ಅಜರ್‌ಬೈಜಾನಿನವರು ಪೂರ್ತಿ ಉಲ್ಟಾ ಹೇಳುತ್ತಾರೆ. ಯಾರ ಮಾತು ನಿಜ, ಸರ್? (ಓದುಗರೊಬ್ಬರು, ಹಾವೇರಿ)

ಉತ್ತರ: ತಾಯಿ, ಇಬ್ಬರೂ ಅಳುವುದು ನಿಜವಾಗಿ ಸತ್ತವರಿಗಾಗಿಯೇ. ಅದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿ ಪ್ರಚಾರ ಮಾಡುವವರು ಸುಳ್ಳು ಹೆಣ ಸೃಷ್ಟಿಸುವುದು ಕಡಿಮೆ. ಅಷ್ಟು ನಿಜವಾದ ಹೆಣಗಳು ಎರಡೂ ಕಡೆ ಬಿದ್ದಿವೆ. ಅವರು ಮಾಡುವ ಕೆಲಸ, ಕಥೆಯನ್ನು ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು.

ಎರಡು ಮನೆಗಳಲ್ಲಿ ಎರಡು ಪಂಚಾಂಗ ಇವೆ ಎಂದುಕೊಳ್ಳಿ. ಯೆರೆವಾನಿನ ಪಂಚಾಂಗದಲ್ಲಿ ದೊಡ್ಡ ತಿಥಿ ಏಪ್ರಿಲ್ 24. ಒಟ್ಟೊಮನ್ ತುರ್ಕಿಯಲ್ಲಿ 1915ರಲ್ಲಿ ಶುರುವಾದ ಅರ್ಮೇನಿಯನ್ನರ ನರಮೇಧದ ನೆನಪಿನ ದಿನ. ಅಂದು ಜನ ಸಾಲುಗಟ್ಟಿ ಗುಡ್ಡದ ಮೇಲಿನ ಸ್ಮಾರಕಕ್ಕೆ ಹೂವು ಹಿಡಿದು ನಡೆಯುತ್ತಾರೆ. ನಿಮ್ಮ ಮಗ ನೋಡಿಯೇ ಇರುತ್ತಾನೆ. ಆಮೇಲೆ ಅಜರ್‌ಬೈಜಾನಿನಲ್ಲಿ ಅರ್ಮೇನಿಯನ್ನರ ಕೊಲೆಗಳಾದ ದಿನಗಳು: ಫೆಬ್ರುವರಿ ಕೊನೆಗೆ ಸುಮ್ಗಾಯಿತ್, 1988. ಜನವರಿಯಲ್ಲಿ ಬಾಕು, 1990. ಬಾಕುವಿನ ಪಂಚಾಂಗದಲ್ಲಿ ಮಾರ್ಚ್ 31, ಅಂದರೆ 1918ರಲ್ಲಿ ಬಾಕುವಿನಲ್ಲಿ ಮುಸ್ಲಿಮರ ಕೊಲೆಗಳಾದ ದಿನ. ಜನವರಿ 20, ಅಂದರೆ 1990ರಲ್ಲಿ ಸೋವಿಯತ್ ಸೈನ್ಯ ಬಾಕುವಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದ ದಿನ. ಮತ್ತೆ ಫೆಬ್ರುವರಿ 26, ಖೊಜಾಲಿಯಲ್ಲಿ ಅಜೆರಿಗಳ ಕೊಲೆಗಳಾದ ದಿನ, 1992.

ಆ ಜನವರಿಯನ್ನೇ ನೋಡಿ. 1990ರ ಜನವರಿ 13ರಿಂದ ಒಂದು ವಾರ ಬಾಕುವಿನಲ್ಲಿ ಅರ್ಮೇನಿಯನ್ನರನ್ನು ಮನೆಗಳಿಂದ ಎಳೆದು ಕೊಂದರು. ಸತ್ತವರು ತೊಂಬತ್ತರ ಹತ್ತಿರ. ಅದು ಮುಗಿಯುತ್ತಲೇ 20ರಂದು ಟ್ಯಾಂಕುಗಳು ಬಂದು ಅಜೆರಿಗಳ ಮೇಲೆ ಗುಂಡು ಹಾರಿಸಿದವು. ಒಂದೇ ಊರು, ಒಂದೇ ವಾರ. ಯೆರೆವಾನಿನಲ್ಲಿ ಕಥೆ 19ಕ್ಕೆ ಮುಗಿಯುತ್ತದೆ, ಬಾಕುವಿನಲ್ಲಿ ಕಥೆ 20ಕ್ಕೆ ಶುರುವಾಗುತ್ತದೆ. ಎರಡೂ ಕಡೆ ಒಂದಕ್ಷರ ಸುಳ್ಳಿಲ್ಲ. ಆದರೂ ಕೇಳಿದ ಹುಡುಗನಿಗೆ ಸಿಗುವುದು ಅರ್ಧ ಮಾತ್ರ. ನಿಮ್ಮ ಮಗ ಅಲ್ಲಿನ ಗೆಳೆಯರ ಜೊತೆ ಹೂವು ಹಿಡಿದು ಹೋಗಲಿ, ಖಂಡಿತ ಹೋಗಲಿ. ಬಂದ ಮೇಲೆ ಇನ್ನೊಂದು ಪಂಚಾಂಗವನ್ನೂ ಬಿಡಿಸಿ ನೋಡಲಿ ಎಂದು ನೀವು ಹೇಳಿ.

ಪ್ರಶ್ನೆ: ಸುಮ್ಗಾಯಿತ್‌ನಲ್ಲಿ ಅರ್ಮೇನಿಯನ್ನರೇ ತಮ್ಮವರನ್ನು ಕೊಂದು ಅಜೆರಿಗಳ ಮೇಲೆ ಹಾಕಿದರು ಎಂದು ಒಂದು ವಿಡಿಯೋದಲ್ಲಿ ಕೇಳಿದೆ. ನೀವು ಆಗ ಅಲ್ಲೇ ಇದ್ದಿರಲ್ಲ? (ಓದುಗರು, ದಾವಣಗೆರೆ)

ಉತ್ತರ: ಇದ್ದೆ. ಸುಮ್ಗಾಯಿತ್ ಬಾಕುವಿನಿಂದ ಮೂವತ್ತು ಕಿಲೋಮೀಟರ್. ರಾಸಾಯನಿಕ ಕಾರ್ಖಾನೆ, ಪೈಪ್ ಕಾರ್ಖಾನೆಗಳ ಊರು, ಗಾಳಿಯಲ್ಲಿ ಯಾವಾಗಲೂ ಕ್ಲೋರಿನ್ ವಾಸನೆ. ತರಬೇತಿಗೆಂದು ಎರಡು ಸಲ ಹೋಗಿದ್ದೆ.

1988ರ ಫೆಬ್ರುವರಿ 20ರಂದು, ಅಜರ್‌ಬೈಜಾನಿನೊಳಗಿದ್ದರೂ ಅರ್ಮೇನಿಯನ್ನರೇ ಹೆಚ್ಚಿದ್ದ ಸ್ವಾಯತ್ತ ಪ್ರಾಂತ್ಯ ನಗೋರ್ನೊ–ಕರಬಾಖದ ಪ್ರಾದೇಶಿಕ ಸೋವಿಯತ್, ಅಂದರೆ ಅಲ್ಲಿನ ಶಾಸನಸಭೆ, ನಮ್ಮನ್ನು ಅಜರ್‌ಬೈಜಾನಿನಿಂದ ತೆಗೆದು ಅರ್ಮೇನಿಯಾಕ್ಕೆ ಸೇರಿಸಿ ಎಂದು ಠರಾವು ಮಾಡಿತು. 22ರಂದು ಕರಬಾಖದ ಅಸ್ಕೆರಾನ್ ಬಳಿ ಘರ್ಷಣೆಯಾಗಿ ಇಬ್ಬರು ಅಜೆರಿ ಯುವಕರು ಸತ್ತರು. ಸುಮ್ಗಾಯಿತ್‌ನ ಚೌಕದಲ್ಲಿ, ಅರ್ಮೇನಿಯಾದ ಕಾಫಾನ್ ಕಡೆಯಿಂದ ಓಡಿಬಂದೆವು ಎಂದು ಹೇಳಿಕೊಂಡವರು ನಿಂತು ಅಲ್ಲಿ ನಮ್ಮವರಿಗೆ ಹೀಗೆ ಮಾಡಿದರು, ಹಾಗೆ ಮಾಡಿದರು ಎಂದು ಭಾಷಣ ಮಾಡಿದರು. ಅದರ ಮೇಲೆ 27ರಂದು ಸೋವಿಯತ್ ಉಪ ಪ್ರಾಸಿಕ್ಯೂಟರ್ ಜನರಲ್ ಕಾತುಸೆವ್, ಸತ್ತ ಇಬ್ಬರ ಹೆಸರನ್ನು ಬಾನುಲಿಯಲ್ಲಿ ಓದಿಬಿಟ್ಟರು. ಇಬ್ಬರದೂ ಮುಸ್ಲಿಂ ಹೆಸರು. ಹೇಳಿದ್ದು ನಿಜವೇ. ಆದರೆ ಆ ಸಂಜೆ, ಆ ಊರಿನಲ್ಲಿ, ಹಿಂದುಮುಂದು ಏನೂ ಹೇಳದೆ ಎರಡು ಹೆಸರು ಓದುವುದೆಂದರೆ ಒಣಹುಲ್ಲಿನ ಬಣವೆಗೆ ಕಡ್ಡಿ ಗೀರಿದ ಹಾಗೆ. ಅಂದಿನಿಂದ ಮೂರು ದಿನ ಗುಂಪುಗಳು ಅರ್ಮೇನಿಯನ್ನರ ಮನೆ ಹುಡುಕಿ ಹುಡುಕಿ ನುಗ್ಗಿದವು. ಅಧಿಕೃತ ಲೆಕ್ಕದಲ್ಲಿ ಸತ್ತವರು 32. ಅವರಲ್ಲಿ 26 ಜನ ಅರ್ಮೇನಿಯನ್ನರು, ಆರು ಜನ ಅಜೆರಿಗಳು.

ನನಗೆ ಇದೆಲ್ಲ ಆಗ ಗೊತ್ತಾಗಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ಪುಂಡರಿಂದ ಗಲಭೆ ಎಂಬ ಅರ್ಥದ ಕೆಲವು ಸಾಲು. ನಮಗೆ ರಷ್ಯನ್ ಕಲಿಸಿದ ಮೇಡಂ ಅರ್ಮೇನಿಯನ್, ಬಾಕುವಿನಲ್ಲೇ ಹುಟ್ಟಿ ಬೆಳೆದವರು. ಸೋಮವಾರ ಅವರು ಪಾಠಕ್ಕೆ ಬಂದಿಲ್ಲ ಎಂದು ಕಿರಿಯ ಹುಡುಗರು ಹೇಳಿದರು. ಬುಧವಾರ ನಾನು ಅವರ ಮನೆಗೆ ಹೋದೆ. ಅರ್ಮೆನಿಕೆಂದ್ ಎಂಬ ಬಡಾವಣೆ. ಸುತ್ತ ಮನೆಗಳು, ನಡುವೆ ಒಂದು ಅಂಗಳ. ಎರಡನೇ ಮಹಡಿಯಿಂದ ಎದುರುಗಡೆಯ ಕಂಬಕ್ಕೆ ಬಟ್ಟೆ ಒಣಹಾಕುವ ತಂತಿ ಕಟ್ಟಿರುತ್ತಾರೆ, ಎರಡೂ ತುದಿಗೆ ರಾಟೆ. ಕಿಟಕಿಯಲ್ಲಿ ನಿಂತೇ ತಂತಿ ಎಳೆದರೆ ಬಟ್ಟೆ ಒಂದೊಂದಾಗಿ ಹತ್ತಿರ ಬರುತ್ತದೆ. ಮೇಡಂ ಮನೆಯ ರಾಟೆ ಕಿರ್ ಎಂದು ಎಷ್ಟು ಜೋರಾಗಿ ಕೂಗುತ್ತಿತ್ತೆಂದರೆ ಅಂಗಳದವರೆಲ್ಲ ಅದರ ಮೇಲೆ ದೂರು ಹೇಳುತ್ತಿದ್ದರು. ಅಂದು ಆ ತಂತಿಯ ತುಂಬ ಚಿಕ್ಕ ಮಕ್ಕಳ ಬಟ್ಟೆ ಇತ್ತು. ಮೇಡಂಗೆ ಮಕ್ಕಳಿರಲಿಲ್ಲ.

ಒಳಗೆ ಹೋದರೆ ಸುಮ್ಗಾಯಿತ್‌ನಿಂದ ಬಂದ ಅವರ ಚಿಕ್ಕಪ್ಪನ ಮಗಳು, ಎರಡು ಮಕ್ಕಳು. ಆಕೆ ಗೋಡೆ ನೋಡುತ್ತ ಕೂತಿದ್ದಳು. ಸುಮ್ಗಾಯಿತ್‌ನಲ್ಲಿ ಅವರ ಕೆಳಗಿನ ಮನೆಯ ಅಜೆರಿ ಮುದುಕಿ ಎರಡು ದಿನ ಆ ಮೂವರನ್ನು ತನ್ನ ಮಂಚದ ಹಿಂದೆ ಇಟ್ಟುಕೊಂಡು, ಬಾಗಿಲಿಗೆ ಬಂದವರಿಗೆ ಇಲ್ಲಿ ಯಾರೂ ಇಲ್ಲ ಎಂದು ಕುರಾನಿನ ಮೇಲೆ ಆಣೆ ಮಾಡಿ ಹೇಳಿದಳಂತೆ. ಬಂದವರೂ ಅಜೆರಿಗಳೇ, ಕಾಪಾಡಿದವಳೂ ಅಜೆರಿಯೇ. ಇದನ್ನು ನಾನು ಆ ತಾಯಿಯ ಬಾಯಲ್ಲೇ ಕೇಳಿದೆ.

ಈಗ ನಿಮ್ಮ ವಿಡಿಯೋದ ಮಾತು. ಆ ವಾದ ಹೊಸದಲ್ಲ. ಬಂಧಿತರಾದವರಲ್ಲಿ ಒಬ್ಬನಿಗೆ ಅರ್ಮೇನಿಯನ್ ತಂದೆ, ರಷ್ಯನ್ ತಾಯಿ. ಅವನಿಗೆ ಶಿಕ್ಷೆಯೂ ಆಯಿತು. ಆ ಒಬ್ಬನ ಹೆಸರು ಹಿಡಿದು, ಇದೆಲ್ಲ ಅರ್ಮೇನಿಯನ್ ರಾಷ್ಟ್ರವಾದಿಗಳು ಮೊದಲೇ ಹೂಡಿದ ಸಂಚು ಎಂದು 1989ರಲ್ಲಿ ಬರೆದವರು ಸಾಮಾನ್ಯರಲ್ಲ, ಅಜರ್‌ಬೈಜಾನಿನ ಅತಿ ದೊಡ್ಡ ಇತಿಹಾಸಕಾರ ಜಿಯಾ ಬುನ್ಯಾದೊವ್. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ವೀರ ಪದಕ ಪಡೆದವರು, ಅಕಾಡೆಮಿಯ ಸದಸ್ಯರು. ಅಂಥವರ ಲೇಖನಿಯಿಂದ ಬಂದದ್ದಕ್ಕೇ ಹಾಸ್ಟೆಲಿನ ಹುಡುಗರು ನಂಬಿದರು. ತಾವು ಒಳ್ಳೆಯವರೆಂದು ನಂಬಿದ ಜನಕ್ಕೆ ನಮ್ಮವರೇ ಇದನ್ನು ಮಾಡಿದರು ಎಂದು ಒಪ್ಪುವುದು ಬಹಳ ಕಷ್ಟ. ಯಾರಾದರೂ ದೊಡ್ಡವರು ಒಂದು ಕಿಂಡಿ ತೆರೆದರೆ ಎಲ್ಲರೂ ಅದರಲ್ಲೇ ನುಸುಳುತ್ತಾರೆ. ಸಂಚಿಗೆ ಪುರಾವೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಪ್ರಶ್ನೆ: ಖೊಜಾಲಿಯಲ್ಲಿ ಸತ್ತವರನ್ನು ಅಜೆರಿಗಳೇ ಕೊಂದರು, ಹಾಗೆಂದು ಅವರ ರಾಷ್ಟ್ರಪತಿಯೇ ಹೇಳಿದ್ದಾರಂತೆ? (ಓದುಗರು, ಬೆಂಗಳೂರು)

ಉತ್ತರ: ನೋಡಿ, ಪತ್ರ ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಒಂದೇ. ಅಲ್ಲಿ ಅರ್ಮೇನಿಯನ್ನರು ತಮ್ಮನ್ನೇ ಕೊಂದುಕೊಂಡರು, ಇಲ್ಲಿ ಅಜೆರಿಗಳು ತಮ್ಮನ್ನೇ ಕೊಂದುಕೊಂಡರು.

ಖೊಜಾಲಿ ಕರಬಾಖದ ಮುಖ್ಯ ಪಟ್ಟಣ ಸ್ಟೆಪಾನಕೆರ್ಟ್ ಪಕ್ಕದ, ಅಜೆರಿಗಳಿದ್ದ ಸಣ್ಣ ಪಟ್ಟಣ, ಕರಬಾಖದ ವಿಮಾನ ನಿಲ್ದಾಣ ಇದ್ದದ್ದು ಅಲ್ಲೇ. ಆ ಚಳಿಗಾಲವಿಡೀ ಅಜೆರಿ ಪಡೆಗಳು ಬೆಟ್ಟದ ಮೇಲಿನ ಊರು ಶುಶಾ ಮತ್ತು ಖೊಜಾಲಿಗಳಿಂದ ಸ್ಟೆಪಾನಕೆರ್ಟ್ ಮೇಲೆ ರಾಕೆಟ್, ಶೆಲ್ ಸುರಿದಿದ್ದವು. ಸ್ಟೆಪಾನಕೆರ್ಟಿನ ಅರ್ಮೇನಿಯನ್ನರು ನೆಲಮಾಳಿಗೆಗಳಲ್ಲಿ ಬದುಕಿದ್ದರು. ಇದನ್ನು ಬಾಕುವಿನ ಪಂಚಾಂಗ ಹೇಳುವುದಿಲ್ಲ. 1992ರ ಫೆಬ್ರುವರಿ 25ರ ರಾತ್ರಿ ಕರಬಾಖದ ಅರ್ಮೇನಿಯನ್ ಪಡೆಗಳು, ಸೋವಿಯತ್ ಕಾಲದ 366ನೇ ರೆಜಿಮೆಂಟಿನ ಕವಚವಾಹನಗಳ ನೆರವಿನಿಂದ ಊರಿಗೆ ನುಗ್ಗಿದವು. ಜನ ಹಿಮದಲ್ಲಿ, ಕಾಡಿನಲ್ಲಿ, ಹೊಳೆ ದಾಟಿ ಅಜೆರಿಗಳ ಊರಾದ ಅಗ್ದಾಮಿನ ಕಡೆ ಓಡಿದರು. ಬೆಳಗಾಗುವ ಹೊತ್ತಿಗೆ ನಖಿಚೆವಾನಿಕ್ ಹಳ್ಳಿಯ ಹತ್ತಿರದ ಬಯಲಿನಲ್ಲಿ ಅವರ ಮೇಲೆ ಗುಂಡು ಹಾರಿತು. ಓಡುವವರ ಗುಂಪಿನಲ್ಲಿ ಬಂದೂಕು ಹಿಡಿದ ಕೆಲವರೂ ಇದ್ದರು ಎನ್ನುವುದು ಸರಿ. ಅದರಿಂದ ಹೆಂಗಸರು ಮಕ್ಕಳನ್ನು ಕೊಂದದ್ದು ಸರಿಯಾಗುವುದಿಲ್ಲ. ಬಾಕುವಿನ ಅಧಿಕೃತ ಲೆಕ್ಕ 613 ಜನ, ಅವರಲ್ಲಿ 106 ಹೆಂಗಸರು, 63 ಮಕ್ಕಳು. ಇದಕ್ಕಿಂತ ಕಡಿಮೆ ಹೇಳುವ ಲೆಕ್ಕಗಳೂ ಇವೆ. ಆದರೆ ಆ ಯುದ್ಧದ ಅತಿ ದೊಡ್ಡ ಹತ್ಯಾಕಾಂಡ ಇದೇ ಎನ್ನುವುದರಲ್ಲಿ ಹೊರಗಿನ ಮಾನವ ಹಕ್ಕು ಸಂಸ್ಥೆಗಳಿಗೆ ಅನುಮಾನವಿಲ್ಲ.

ರಾಷ್ಟ್ರಪತಿಯ ಮಾತೆಂದರೆ ಇದು: ಅಯಾಜ್ ಮುತಾಲಿಬೊವ್ ಖೊಜಾಲಿಯ ಕಾರಣಕ್ಕೇ ಮಾರ್ಚ್ 6ರಂದು ಕುರ್ಚಿ ಬಿಡಬೇಕಾಯಿತು. ಮುಂದಿನ ತಿಂಗಳು ಮಾಸ್ಕೋದ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು, ತಮ್ಮನ್ನು ಇಳಿಸಲು ವಿರೋಧಿಗಳು ಇದನ್ನು ಬಳಸಿಕೊಂಡರು ಎಂಬ ಧಾಟಿಯಲ್ಲಿ ಮಾತಾಡಿದರು. ಅಧಿಕಾರ ಹೋದವರ ಸಿಟ್ಟಿನ ಮಾತು. ತಾನು ಹೇಳಿದ್ದರ ಅರ್ಥ ಅದಲ್ಲ ಎಂದು ಅವರೇ ಆಮೇಲೆ ಹಲವು ಸಲ ಹೇಳಿದರು. ಅರ್ಮೇನಿಯಾದ ವಿದೇಶಾಂಗ ಇಲಾಖೆ ಈ ಮಾತಿನ ಜೊತೆಗೆ ಹ್ಯೂಮನ್ ರೈಟ್ಸ್ ವಾಚ್ ವರದಿಯನ್ನೂ ತನ್ನ ಪರ ಎಳೆದುಕೊಂಡಾಗ, 1997ರಲ್ಲಿ ಆ ಸಂಸ್ಥೆಯೇ ಪತ್ರ ಬರೆದು, ನಾಗರಿಕರ ಸಾವಿಗೆ ನಾವು ನೇರ ಹೊಣೆ ಹೊರಿಸುವುದು ಕರಬಾಖದ ಅರ್ಮೇನಿಯನ್ ಪಡೆಗಳ ಮೇಲೆ ಎಂದು ಸ್ಪಷ್ಟವಾಗಿ ತಿಳಿಸಿತು.

ಅದಕ್ಕಿಂತ ದೊಡ್ಡ ಸಾಕ್ಷಿ ಅರ್ಮೇನಿಯಾದವರದ್ದೇ ಇದೆ. ಮುಂದೆ 2008ರಲ್ಲಿ ಅಧ್ಯಕ್ಷರಾದ ಸೆರ್ಜ್ ಸರ್ಗ್‌ಸ್ಯಾನ್, ಬ್ರಿಟಿಷ್ ಪತ್ರಕರ್ತ ಥಾಮಸ್ ಡಿ ವಾಲ್ ಅವರಿಗೆ 2000ದಲ್ಲಿ ಹೇಳಿದ ಮಾತಿನ ಸಾರ ಹೀಗಿತ್ತು: ಅರ್ಮೇನಿಯನ್ನರು ನಾಗರಿಕರ ಮೇಲೆ ಕೈ ಎತ್ತಲಾರರು ಎಂದು ಅಜೆರಿಗಳು ತಿಳಿದಿದ್ದರು, ಆ ತಿಳಿವಳಿಕೆಯನ್ನು ನಾವು ಮುರಿದೆವು; ನಮ್ಮ ಹುಡುಗರಲ್ಲಿ ಬಾಕು, ಸುಮ್ಗಾಯಿತ್‌ಗಳಿಂದ ಓಡಿಬಂದವರೂ ಇದ್ದರು. ಸುಮ್ಗಾಯಿತ್‌ಗೂ ಖೊಜಾಲಿಗೂ ನಡುವೆ ನಾಲ್ಕೇ ವರ್ಷ, ಎರಡರ ತಿಥಿಯೂ ಒಂದೇ ವಾರದಲ್ಲಿ ಬರುತ್ತದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಅಗ್ದಾಮಿನವನು. 1992ರ ಬೇಸಿಗೆಯಲ್ಲಿ ಅವನ ಪತ್ರ ಬಂತು. ಕಾಡಿನಿಂದ ತಂದ ಹೆಣಗಳನ್ನು ತಮ್ಮೂರ ಮಸೀದಿಯಲ್ಲಿ ತೊಳೆದೆವು ಎಂದು ಬರೆದಿದ್ದ. ನೀರು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು, ಆದ್ದರಿಂದ ಸಮೋವಾರ್‌ಗಳಲ್ಲಿ ನೀರು ಕಾಯಿಸಿ ತಂದೆವು ಎಂದು ಬರೆದಿದ್ದ. ಬೇರೇನೂ ಬರೆದಿರಲಿಲ್ಲ.

ಇದೇ 1992ರ ಏಪ್ರಿಲ್ 10ರಂದು ಮರಾಗಾ ಎಂಬ ಅರ್ಮೇನಿಯನ್ ಹಳ್ಳಿಯಲ್ಲಿ ಅಜೆರಿ ಪಡೆಗಳು ಹಳ್ಳಿಗರನ್ನು ಕೊಂದವು. ಅದನ್ನೂ ಬರೆದಿಡಬೇಕು, ಬರೆದಿದ್ದೇನೆ.

ಪ್ರಶ್ನೆ: ಕರಬಾಖವನ್ನು ಸ್ಟಾಲಿನ್ ಅಜರ್‌ಬೈಜಾನಿಗೆ ದಾನ ಕೊಟ್ಟ ಎನ್ನುತ್ತಾರೆ. ಹೌದೇ? (ಓದುಗರು, ಮೈಸೂರು)

ಉತ್ತರ: ಈ ಜಗಳವೆಲ್ಲ ಒಂದು ಕ್ರಿಯಾಪದದ ಮೇಲೆ ನಿಂತಿದೆ, ಮೇಡಂ ಹೇಳಿಕೊಟ್ಟ ರಷ್ಯನ್ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಬೊಲ್ಶೆವಿಕ್ ಪಕ್ಷದ ಕಾಕಸಸ್ ಬ್ಯೂರೊ 1921ರ ಜುಲೈ 4ರಂದು ಸೇರಿ ನಗೋರ್ನೊ–ಕರಬಾಖ್ ಅರ್ಮೇನಿಯಾಕ್ಕೆ ಎಂದಿತು. ಅಜರ್‌ಬೈಜಾನಿನ ನಾಯಕ ನರಿಮಾನೊವ್ ತಕರಾರು ತೆಗೆದರು. ಮಾರನೇ ದಿನ ಬ್ಯೂರೊ ಮತ್ತೆ ಕೂತು, ಮುಸ್ಲಿಮರ ಮತ್ತು ಅರ್ಮೇನಿಯನ್ನರ ನಡುವಿನ ಶಾಂತಿಗಾಗಿ, ಮೇಲಿನ ಮತ್ತು ಕೆಳಗಿನ ಕರಬಾಖದ ಆರ್ಥಿಕ ನಂಟಿಗಾಗಿ, ವಿಶಾಲ ಸ್ವಾಯತ್ತತೆ ಕೊಟ್ಟು ಅಜರ್‌ಬೈಜಾನಿನಲ್ಲಿ 'ಅಸ್ತಾವಿತ್' ಎಂದು ಬರೆಯಿತು. ಅಸ್ತಾವಿತ್ ಎಂದರೆ ಇದ್ದಲ್ಲೇ ಬಿಡುವುದು, ಉಳಿಸುವುದು. ಕೊಡುವುದಕ್ಕೆ, ಹಸ್ತಾಂತರಿಸುವುದಕ್ಕೆ ರಷ್ಯನ್ನಿನಲ್ಲಿ ಬೇರೆ ಪದವೇ ಇದೆ.

ಬಾಕುವಿನವರು ಈ ಒಂದು ಪದ ತೋರಿಸಿ, ನೋಡಿ, ಮೊದಲೇ ನಮ್ಮದಾಗಿತ್ತು, ಅದಕ್ಕೇ ಉಳಿಸಿ ಎಂದರು ಎನ್ನುತ್ತಾರೆ. ಯೆರೆವಾನಿನವರು ಹಿಂದಿನ ದಿನದ ಠರಾವು ತೋರಿಸಿ, ನಿನ್ನೆ ನಮಗೆ ಎಂದವರು ಇಂದು ಹೇಗೆ ಉಳಿಸಿದರು ಎನ್ನುತ್ತಾರೆ. 1918ರಿಂದ 1920ರವರೆಗೆ ಆ ಬೆಟ್ಟಗಳಲ್ಲಿ ಎರಡೂ ಕಡೆಯ ಗಣರಾಜ್ಯಗಳು ಬಡಿದಾಡುತ್ತಲೇ ಇದ್ದವು, ಯಾರ ಆಳ್ವಿಕೆಯೂ ಗಟ್ಟಿಯಾಗಿರಲಿಲ್ಲ. ಜನ ಯಾರಿದ್ದರು ಎಂದರೆ, 1926ರ ಜನಗಣತಿಯಲ್ಲಿ ಸ್ವಾಯತ್ತ ಪ್ರಾಂತ್ಯದ ನೂರಕ್ಕೆ 89 ಮಂದಿ ಅರ್ಮೇನಿಯನ್ನರು. 1989ರಲ್ಲಿ ನೂರಕ್ಕೆ 77. ಅದೇ ಪ್ರಾಂತ್ಯದ ಶುಶಾ ಅಜೆರಿ ಸಂಗೀತಕ್ಕೂ ಕಾವ್ಯಕ್ಕೂ ತವರು. ಸ್ಟಾಲಿನ್ ಆ ಸಭೆಯಲ್ಲಿದ್ದದ್ದು ನಿಜ. ಅವನೊಬ್ಬನೇ ಎಲ್ಲ ಮಾಡಿದ ಎಂದರೆ ಹೇಳುವವರಿಗೆ ಅನುಕೂಲ, ಅಷ್ಟೆ.

ಪ್ರಶ್ನೆ: ಅಜರ್‌ಬೈಜಾನಿನ ಶೇ 20ರಷ್ಟು ಭೂಮಿಯನ್ನು ಅರ್ಮೇನಿಯಾ ಆಕ್ರಮಿಸಿತ್ತು, ಹತ್ತು ಲಕ್ಷ ಜನ ನಿರಾಶ್ರಿತರಾದರು ಎಂಬ ಅಂಕಿ ಸರಿಯೇ? (ಓದುಗರು, ಶಿವಮೊಗ್ಗ)

ಉತ್ತರ: ಕಾಗದ ಪೆನ್ನು ತೆಗೆದುಕೊಳ್ಳಿ. ಅಜರ್‌ಬೈಜಾನಿನ ಒಟ್ಟು ವಿಸ್ತೀರ್ಣ 86,600 ಚದರ ಕಿಲೋಮೀಟರ್. 1994ರ ಕದನವಿರಾಮದ ನಂತರ ಅರ್ಮೇನಿಯನ್ನರ ಕೈಯಲ್ಲಿದ್ದ ಭೂಮಿಯನ್ನು ಡಿ ವಾಲ್ ಜಿಲ್ಲೆ ಜಿಲ್ಲೆಯಾಗಿ ಕೂಡಿ 11,797 ಎಂದು ತೆಗೆದಿದ್ದಾರೆ. ಭಾಗಿಸಿದರೆ ಶೇ 13.62. ನಿರಾಶ್ರಿತರು ಏಳು–ಎಂಟು ಲಕ್ಷದ ಆಸುಪಾಸು. ಏಳು ಲಕ್ಷ ಜನ ಮನೆ ಕಳೆದುಕೊಂಡದ್ದು ಕಡಿಮೆ ದುಃಖವೇ? ಹತ್ತು ಎಂದು ಏಕೆ ಹೇಳಬೇಕು? ಒಂದು ಅಂಕಿ ಉಬ್ಬಿದ್ದು ಗೊತ್ತಾದರೆ ಎದುರಿನವರು ಉಳಿದದ್ದನ್ನೂ ಸುಳ್ಳು ಎನ್ನುತ್ತಾರೆ. ಹಾಗೇ ಆಯಿತು.

ಯೆರೆವಾನಿನಲ್ಲಿ ಅಂಕಿ ಉಬ್ಬಿಸಲಿಲ್ಲ, ಹೆಸರು ಬದಲಿಸಿದರು. ಸ್ವಾಯತ್ತ ಪ್ರಾಂತ್ಯದ ಹೊರಗಿನ ಏಳು ಜಿಲ್ಲೆಗಳಲ್ಲಿ ಬಹುಪಾಲು ಅಜೆರಿಗಳೇ, ಕೆಲವೆಡೆ ಕುರ್ದರೂ ಇದ್ದರು. ಅವರನ್ನೆಲ್ಲ ಓಡಿಸಿ, ಮೊದಲು ಅದನ್ನು ಭದ್ರತಾ ವಲಯ ಎಂದರು, ಆಮೇಲೆ ವಿಮೋಚಿತ ನೆಲ ಎಂದರು. ಕೆಲ್ಬಜಾರ್ ಕರ್ವಚಾರ್ ಆಯಿತು, ಅಗ್ದಾಮ್ ಅಕ್ನಾ ಆಯಿತು. ನಕ್ಷೆ ನೋಡಿ ಬೆಳೆದ ಮಗುವಿಗೆ ಅಲ್ಲಿ ಬೇರೆಯವರ ಒಲೆ ಉರಿಯುತ್ತಿತ್ತು ಎಂದು ತಿಳಿಯುವುದಾದರೂ ಹೇಗೆ?

ಅಗ್ದಾಮಿಗೆ ನಾನು 1986ರಲ್ಲಿ ಪರವಾನಗಿ ಪಡೆದು ಗೆಳೆಯನ ಮನೆಗೆ ಹೋಗಿದ್ದೆ. ಬ್ರೆಡ್ಡಿಗೇ ಮೀಸಲಾದ ಒಂದು ಮ್ಯೂಸಿಯಂ ಆ ಊರಿನಲ್ಲಿತ್ತು. ಅವನ ತಾಯಿ ತಂದೂರಿನಿಂದ ತೆಗೆದ ರೊಟ್ಟಿಯನ್ನು ನನ್ನ ಕೈಗಿಡುವ ಮೊದಲು ಅದಕ್ಕೆ ಮುತ್ತಿಡುತ್ತಿದ್ದಳು. 1993ರ ಜುಲೈ 23ರಂದು ಊರು ಬಿತ್ತು. ಅಲ್ಲಿಂದ ಮುಂದೆ ಇಟ್ಟಿಗೆ, ಬಾಗಿಲು, ಪೈಪು ಎಲ್ಲವನ್ನೂ ಕಳಚಿಕೊಂಡು ಹೋದರು. ಗೋಡೆಗಳಷ್ಟೇ ಉಳಿದವು.

ಪ್ರಶ್ನೆ: ನಾನು ಶಾಸನಗಳ ಅಭ್ಯಾಸಿ. ಅಜರ್‌ಬೈಜಾನಿನಲ್ಲಿ ಚರ್ಚುಗಳ ಮೇಲಿನ ಅರ್ಮೇನಿಯನ್ ಬರಹ ಅಳಿಸುತ್ತಿದ್ದಾರೆ ಎಂದು ಓದಿದೆ. ಇದಕ್ಕೆ ಏನು ಸಮರ್ಥನೆ ಕೊಡುತ್ತಾರೆ? (ಓದುಗರು, ಬಾದಾಮಿ)

ಉತ್ತರ: ನೀವು ಕೇಳಿದ್ದು ನನಗೆ ಅತಿ ನೋವು ಕೊಡುವ ವಿಷಯ. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನದ ಎದುರು ನಿಂತವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಯಾರಾದರೂ ಉಳಿ ತಂದು ಅದನ್ನು ಕೆತ್ತಿ ನಯ ಮಾಡಿ, ಇಲ್ಲಿ ಕನ್ನಡ ಇರಲೇ ಇಲ್ಲ ಎಂದರೆ?

ಸಮರ್ಥನೆ ಹೀಗಿದೆ. ಪ್ರಾಚೀನ ಕಾಲದಲ್ಲಿ ಆ ಭಾಗದಲ್ಲಿ ಅಲ್ಬೇನಿಯಾ ಎಂಬ ಕ್ರೈಸ್ತ ರಾಜ್ಯವಿತ್ತು. ಯುರೋಪಿನ ಅಲ್ಬೇನಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ರಾಜ್ಯ ಇದ್ದದ್ದು ನಿಜ, ಅದಕ್ಕೆ ಸ್ವಂತ ಲಿಪಿ ಇದ್ದದ್ದೂ ನಿಜ. ಅಲ್ಲಿನ ಉದಿ ಜನ ಇವತ್ತಿಗೂ ನಿಜ್ ಎಂಬ ಹಳ್ಳಿಯಲ್ಲಿದ್ದಾರೆ. ಈ ನಿಜವನ್ನು ಹಿಡಿದು ಬುನ್ಯಾದೊವ್ ಮತ್ತು ಅವರ ಶಿಷ್ಯರು ಕರಬಾಖದ ಚರ್ಚುಗಳೆಲ್ಲ ಅಲ್ಬೇನಿಯನ್, ಅರ್ಮೇನಿಯನ್ ಬರಹ ಆಮೇಲೆ ಸೇರಿಸಿದ್ದು ಎಂಬ ಕಡೆಗೆ ಹೊರಟರು. ನಾರ್ವೆಯ ಹಣದಲ್ಲಿ ನಿಜ್ ಚರ್ಚಿನ ಜೀರ್ಣೋದ್ಧಾರ ಆದಾಗ ಗೋಡೆಯ ಅರ್ಮೇನಿಯನ್ ಅಕ್ಷರಗಳನ್ನು ಉಜ್ಜಿ ತೆಗೆದರು. ನಾರ್ವೆಯ ರಾಯಭಾರಿಯೇ ಪ್ರತಿಭಟಿಸಿದರು. 2021ರ ಮಾರ್ಚ್‌ನಲ್ಲಿ ಅಧ್ಯಕ್ಷ ಇಲ್ಹಾಮ್ ಅಲಿಯೆವ್, 2020ರ ಯುದ್ಧದಲ್ಲಿ ಅಜರ್‌ಬೈಜಾನ್ ಗೆದ್ದ ಕರಬಾಖದ ಹದ್ರುತ್ ಭಾಗದ ಒಂದು ಹಳೆಯ ಚರ್ಚಿನಲ್ಲಿ ಕ್ಯಾಮೆರಾ ಮುಂದೆ ನಿಂತು ಈ ಬರಹಗಳೆಲ್ಲ ನಕಲಿ ಎಂದರು. ಮರುವರ್ಷ ಸಂಸ್ಕೃತಿ ಸಚಿವರು ಅಂಥ ಕುರುಹುಗಳನ್ನು ತೆಗೆಯಲು ಸಮಿತಿಯನ್ನೇ ಘೋಷಿಸಿದರು, ಹೊರಗಡೆ ಗದ್ದಲವಾದ ಮೇಲೆ ಮಾತು ಮೆತ್ತಗೆ ಮಾಡಿದರು.

ಇದಕ್ಕಿಂತ ದೊಡ್ಡದು ಅಜರ್‌ಬೈಜಾನಿಗೆ ಸೇರಿದ ನಖಿಚೆವಾನ್ ಪ್ರಾಂತ್ಯದ ಜುಲ್ಫಾ. ಅರಸ್ ನದಿಯ ದಂಡೆಯಲ್ಲಿ ಖಚ್ಕಾರ್‌ಗಳ, ಅಂದರೆ ಶಿಲುಬೆ ಕೆತ್ತಿದ ಕಲ್ಲುಗಳ ಮಹಾ ಸ್ಮಶಾನ. ನಮ್ಮ ವೀರಗಲ್ಲುಗಳ ಹಾಗೆ ಆಳೆತ್ತರದ ಕಲ್ಲುಗಳು, ಬಲೆ ನೇಯ್ದಂತೆ ಕೆತ್ತನೆ, ಸಾವಿರಾರು. 2005ರ ಡಿಸೆಂಬರಿನಲ್ಲಿ ಸಮವಸ್ತ್ರದವರು ಸುತ್ತಿಗೆ ಹಿಡಿದು ಅವನ್ನು ಒಡೆದು ನದಿಗೆ ಸುರಿಯುವುದನ್ನು ಎದುರು ದಂಡೆಯ ಇರಾನಿನಿಂದ ಚಿತ್ರೀಕರಿಸಿದರು. ಬಾಕು ಇದನ್ನು ಅಪ್ಪಟ ಸುಳ್ಳು ಎಂದಿತು. 2003 ಮತ್ತು 2009ರ ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಮೊದಲನೆಯದರಲ್ಲಿ ಕಲ್ಲುಗಳ ನೆರಳಿದೆ, ಎರಡನೆಯದರಲ್ಲಿ ಬೋಳು ನೆಲ. ನಖಿಚೆವಾನಿನ 110 ಅರ್ಮೇನಿಯನ್ ಸ್ಮಾರಕಗಳಲ್ಲಿ 108 ನಾಶವಾಗಿವೆ ಎಂದು ಅಮೆರಿಕದ ಕಾರ್ನೆಲ್‌ನ ಸಂಶೋಧಕರು 2022ರಲ್ಲಿ ಲೆಕ್ಕ ಕೊಟ್ಟರು.

ಆ ನಖಿಚೆವಾನಿನವರೇ ಆದ ಅಜೆರಿ ಸಾಹಿತಿ ಅಕ್ರಮ್ ಅಯ್ಲಿಸ್ಲಿ, ತಮ್ಮ ಜನ ಅರ್ಮೇನಿಯನ್ನರಿಗೆ ಮಾಡಿದ್ದನ್ನು ಒಂದು ಕಾದಂಬರಿಯಲ್ಲಿ ಬರೆದರು. ಅದು ಪ್ರಕಟವಾದ ಬೆನ್ನಿಗೆ, 2013ರಲ್ಲಿ ಅವರ 'ಜನತೆಯ ಲೇಖಕ' ಬಿರುದು, ಪಿಂಚಣಿ ಎರಡನ್ನೂ ಕಿತ್ತುಕೊಂಡರು. ಪುಸ್ತಕ ಸುಟ್ಟರು. ಒಬ್ಬ ರಾಜಕಾರಣಿ ಅವರ ಕಿವಿ ಕತ್ತರಿಸಿ ತಂದವರಿಗೆ 10,000 ಮನಾತ್ ಇನಾಮು ಘೋಷಿಸಿದ. ಆಗ ಅವರಿಗೆ ಎಪ್ಪತ್ತೈದು ವರ್ಷ. ನಾನು ಈ ಇಡೀ ಇತಿಹಾಸದಲ್ಲಿ ಕೈಮುಗಿಯುವ ಮನುಷ್ಯ ಇವರು.

ಅರ್ಮೇನಿಯಾದ ಕಡೆಯದನ್ನೂ ಹೇಳುತ್ತೇನೆ. ನನ್ನ ಗೆಳೆಯ ಹೆಣ ತೊಳೆದ ಅಗ್ದಾಮಿನ ಮಸೀದಿಯಲ್ಲಿ ಆಮೇಲೆ ದನ ಕಟ್ಟಿದರು. ಯೆರೆವಾನಿನಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮುಸ್ಲಿಮರೇ ಹೆಚ್ಚಿದ್ದರು; ಈಗ ಉಳಿದಿರುವ ನೀಲಿ ಮಸೀದಿಯನ್ನು ಪರ್ಷಿಯನ್ ಎಂದೇ ತೋರಿಸುತ್ತಾರೆ. ಶುಶಾದ ಮಸೀದಿಯನ್ನು ದುರಸ್ತಿ ಮಾಡಿದಾಗಲೂ ಪರ್ಷಿಯನ್ ಎಂದರು. ಅಜೆರಿ ಎಂಬ ಪದ ಮಾತ್ರ ಎಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. ಬಾಕುವಿನ ಹೊರವಲಯದ ಸುರಖಾನಿಯಲ್ಲಿ ಆತೆಶ್‌ಗಾಹ್ ಎಂಬ ಅಗ್ನಿದೇಗುಲವಿದೆ. ನೆಲದೊಳಗಿನ ಅನಿಲಕ್ಕೆ ತಾನಾಗಿ ಹೊತ್ತಿದ ಜ್ವಾಲೆಯನ್ನು ಪೂಜಿಸಲು ನಮ್ಮ ದೇಶದ ವರ್ತಕರು, ಸಾಧುಗಳು ಅಲ್ಲಿಗೆ ಹೋಗುತ್ತಿದ್ದರು. ಕೋಣೆಗಳ ಬಾಗಿಲ ಮೇಲೆ ದೇವನಾಗರಿ, ಗುರುಮುಖಿ ಶಾಸನಗಳಿವೆ. ಮೊದಲ ಸಲ ಹೋದಾಗ, ಊರು ಬಿಟ್ಟು ಆರು ತಿಂಗಳಾಗಿತ್ತು, 'ಶ್ರೀ ಗಣೇಶಾಯ ನಮಃ' ಎಂಬುದನ್ನು ಬೆರಳಿನಿಂದ ಮುಟ್ಟಿ ಓದಿ ಅತ್ತುಬಿಟ್ಟೆ. ಅಜರ್‌ಬೈಜಾನ್ ಆ ಕಲ್ಲುಗಳನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡಿದೆ. ದೂರದ ನಮ್ಮ ಅಕ್ಷರವನ್ನು ಉಳಿಸಿದ ಕೈ, ಗೋಡೆ ಪಕ್ಕದ ನೆರೆಯವರ ಅಕ್ಷರವನ್ನು ಉಜ್ಜಿತಲ್ಲ ಎನ್ನುವುದು ನನಗೆ ಇಂದಿಗೂ ಅರಗಿಲ್ಲ.

ಪ್ರಶ್ನೆ: ಪಾಕಿಸ್ತಾನ ಅಜರ್‌ಬೈಜಾನಿನ ಪರ. ಹಾಗಾದರೆ ನಾವು ಅರ್ಮೇನಿಯಾ ಹೇಳಿದ್ದನ್ನೇ ನಂಬಬೇಕಲ್ಲವೇ? 2020ರಲ್ಲಿ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಎಷ್ಟೋ ವಿಡಿಯೋ ಬಂದಿದ್ದವು. (ಓದುಗರು, ಕಲಬುರಗಿ)

ಉತ್ತರ: ಭಾರತ ಅರ್ಮೇನಿಯಾಕ್ಕೆ ಪಿನಾಕ ರಾಕೆಟ್ ಮಾರಿದೆ. ನಮ್ಮ ನಂಟು ಅದಕ್ಕಿಂತ ಹಳೆಯದು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 1794ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ. ಅರ್ಮೇನಿಯಾದ ಮೇಲೆ ಪ್ರೀತಿ ಇರಲಿ, ನನಗೂ ಇದೆ. ಆದರೆ ಖೊಜಾಲಿಯ ಹಿಮದಲ್ಲಿ ಸತ್ತ ಮಗುವಿಗೆ ಇಸ್ಲಾಮಾಬಾದ್ ಯಾರ ಪರ ಎಂದು ಗೊತ್ತಿರಲಿಲ್ಲ.

2020ರ ವಿಡಿಯೋಗಳಲ್ಲಿ ವಿಮಾನ ಹೊಡೆದುರುಳಿಸುವ ಕೆಲವು ದೃಶ್ಯಗಳು 'ಆರ್ಮಾ 3' ಎಂಬ ಕಂಪ್ಯೂಟರ್ ಆಟದವು. ಅಂಥದ್ದು ಹಿಡಿಯಲು ಸುಲಭ. ಹಿಡಿಯಲಾಗದ್ದು ಮೌನ. ಯುದ್ಧ ನಡೆದ ಆ 44 ದಿನ ಬಾಕು ತನ್ನ ಸೈನಿಕರ ಸಾವಿನ ಲೆಕ್ಕವನ್ನೇ ಕೊಡಲಿಲ್ಲ. ಮೊದಲ ಪಟ್ಟಿ ಬಂದದ್ದು ಡಿಸೆಂಬರಿನಲ್ಲಿ, 2,783 ಹೆಸರು. ಅದೇ ಅಕ್ಟೋಬರಿನಲ್ಲಿ ಅಲ್ಲಿನ ಆಡಳಿತ ಪಕ್ಷದ ಯುವ ಘಟಕಕ್ಕೆ ಸೇರಿದ 7,665 ನಕಲಿ ಪುಟಗಳನ್ನು ಫೇಸ್‌ಬುಕ್ ಕಿತ್ತುಹಾಕಿತು. ಅರ್ಮೇನಿಯಾ ದಿನವೂ ಹೆಸರು ಪ್ರಕಟಿಸಿತು, ಆದರೆ ಸೇನೆ ಹಿಂದೆ ಸರಿಯುತ್ತಿದೆ ಎಂಬುದನ್ನು ಬಚ್ಚಿಟ್ಟಿತು. 'ನಾವು ಗೆಲ್ಲುತ್ತೇವೆ' ಎಂಬ ಘೋಷಣೆ ಪ್ರತಿ ಮೊಬೈಲಿನಲ್ಲಿ ಕೊನೆಯವರೆಗೂ ಇತ್ತು. ನವೆಂಬರ್ 9ರಂದು ಶುಶಾ ಕೈಬಿಟ್ಟಿದೆ ಎಂದು ಕರಬಾಖದ ವಕ್ತಾರರು ಬರೆದರು, ಆ ರಾತ್ರಿಯೇ ಅರ್ಮೇನಿಯಾದ ಪ್ರಧಾನಿ ಪಾಶಿನ್ಯಾನ್ ಸೋಲೊಪ್ಪಿ ಕದನವಿರಾಮದ ಒಪ್ಪಂದಕ್ಕೆ ಸಹಿ ಹಾಕಿದರು. ನಂಬಿ ಕೂತಿದ್ದ ಜನ ಸಂಸತ್ತಿಗೆ ನುಗ್ಗಿ ಸ್ಪೀಕರನ್ನು ಹಿಡಿದು ಹೊಡೆದರು. ಮಗ ಗೆಲ್ಲುತ್ತಿದ್ದಾನೆ ಎಂದುಕೊಂಡಿದ್ದ ತಂದೆಗೆ ಒಂದೇ ರಾತ್ರಿಯಲ್ಲಿ ಎಲ್ಲ ತಿಳಿದರೆ ಏನಾಗಬೇಕು?

2023ರ ಸೆಪ್ಟೆಂಬರಿನಲ್ಲಿ, ಒಂಬತ್ತು ತಿಂಗಳು ದಾರಿ ಮುಚ್ಚಿದ ಮೇಲೆ ಅಜರ್‌ಬೈಜಾನ್ ಒಂದು ದಿನದ ದಾಳಿ ಮಾಡಿತು, ಕರಬಾಖದ ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ವಾರದೊಳಗೆ ಮನೆ ಬಿಟ್ಟರು. ತಾವಾಗಿಯೇ ಹೋದರು ಎಂದು ಬಾಕು ಹೇಳುತ್ತದೆ. ತಾವಾಗಿಯೇ ಹೋಗುವವರು ಅಜ್ಜಿಯ ಗೋರಿಯ ಮಣ್ಣನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾರೆಯೇ?

ಪ್ರಶ್ನೆ: ನಿಮ್ಮ ಆ ಅಧ್ಯಾಪಕಿ, ಆ ಗೆಳೆಯ ಈಗ ಎಲ್ಲಿದ್ದಾರೆ? (ಓದುಗರು, ಶಿರಸಿ)

ಉತ್ತರ: ಮೇಡಂ 1990ರ ಜನವರಿಯಲ್ಲಿ ಹಡಗು ಹತ್ತಿ ಕ್ಯಾಸ್ಪಿಯನ್ ದಾಟಿ ತುರ್ಕ್‌ಮೆನಿಸ್ತಾನದ ಕ್ರಾಸ್ನೊವೊದ್ಸ್ಕ್‌ಗೆ ಹೋದರು, ಕೈಯಲ್ಲಿ ಒಂದು ಚೀಲ. ಅಲ್ಲಿಂದ ರಷ್ಯಾದ ದಕ್ಷಿಣಕ್ಕೆ. ಈಗ ತೊಂಬತ್ತು ದಾಟಿದೆ. ಗೆಳೆಯ ಇಪ್ಪತ್ತೇಳು ವರ್ಷ ನಿರಾಶ್ರಿತನಾಗಿ ಬಾಕುವಿನಲ್ಲಿದ್ದ. 2020ರ ಕೊನೆಗೆ ಅಗ್ದಾಮ್ ಅವರ ಕೈಗೆ ಮರಳಿತು. ಮುಂದಿನ ವರ್ಷಗಳಲ್ಲಿ ಅವನು ಹೋಗಿ ತನ್ನ ಮನೆಯ ಜಾಗ ಹುಡುಕಿದ. ಗೋಡೆ ಇರಲಿಲ್ಲ, ತಂದೂರಿನ ಗುಂಡಿ ಇತ್ತು, ಅದರೊಳಗಿಂದ ಒಂದು ದಾಳಿಂಬೆ ಗಿಡ ಬೆಳೆದಿತ್ತು. ಫೋಟೊ ಕಳಿಸಿದ.

ಅದನ್ನು ನಾನು ಮೇಡಂಗೆ ತೋರಿಸಿದೆ. ಅವನು ಯಾರು, ಏನು ಎಂದು ಹೇಳಿದೆ. ಆಕೆ ವಿಡಿಯೋ ಕರೆಯಲ್ಲಿ ಬಹಳ ಹೊತ್ತು ಸುಮ್ಮನಿದ್ದು, ನನ್ನ ಅಂಗಳವನ್ನು ಯಾರಾದರೂ ನೋಡಿ ಬರುತ್ತಾರೆಯೇ ಎಂದು ಕೇಳಿದರು. ನಾನು ಗೆಳೆಯನಿಗೆ ಹೇಳಿದೆ. ಅವನು ಮರುದಿನವೇ ಹೋದ. ಬೀದಿಯ ಹೆಸರು ಬದಲಾಗಿದೆ, ಮನೆ ಹಾಗೇ ಇದೆ, ಬೇರೆ ಯಾರೋ ಇದ್ದಾರೆ. ಅವರೂ ಅರ್ಮೇನಿಯಾದಿಂದ ಓಡಿಬಂದ ಅಜೆರಿಗಳಂತೆ. ಎರಡನೇ ಮಹಡಿಯ ಕಿಟಕಿ, ತಂತಿ, ತಂತಿಯ ಮೇಲೆ ಒಣಹಾಕಿದ ಅಂಗಿಗಳು, ಎಲ್ಲದರ ಫೋಟೊ ಕಳಿಸಿದ.

ಮೇಡಂ ಅದನ್ನು ನೋಡಿ ಕೇಳಿದ್ದು ಒಂದೇ: ರಾಟೆ ಇನ್ನೂ ಕೂಗುತ್ತದೆಯೇ?

ಗೆಳೆಯ ಮತ್ತೆ ಹೋದ. ಆ ಮನೆಯ ಹೆಂಗಸನ್ನು ಕೇಳಿಕೊಂಡು, ಅವಳು ಬಟ್ಟೆ ಎಳೆಯುವಾಗ ಕೆಳಗೆ ಅಂಗಳದಲ್ಲಿ ನಿಂತು ಹನ್ನೊಂದು ಸೆಕೆಂಡು ರೆಕಾರ್ಡ್ ಮಾಡಿ ಕಳಿಸಿದ. ಕೂಗುತ್ತದೆ.